ನಾಟಕ ಸೂಪರ್ರು, ಜಾಗ ಮಾತ್ರ ಕೇಳ್ಬೇಡಿ

ಭಾನುವಾರ ತುಮಕೂರಲ್ಲಿ ಒಂದು ರಂಗಮಂದಿರಕ್ಕೆ ಕುರುಕ್ಷೇತ್ರ ನಾಟಕ ನೋಡಕ್ಕೆ ಹೋಗಿದ್ವಿ, ಅಮ್ಮ ವೀಲ್‌ಚೇರಲ್ಲಿ, ಜೊತೆಗೆ ಆಟಿಸಂ ಇರೋ ಒಂಬತ್ತು ವರ್ಷದ ನನ್ ಮಗ. ರಂಗಮಂದಿರದ ಹೆಸ್ರು ಬೇಡ ಬಿಡಿ.

ರ‍್ಯಾಂಪ್ ಇದೆ ಸಾರ್ ಅಂತ ಫೋನಲ್ಲಿ ಹೇಳಿದ್ರು. ಇದೆ, ಆದ್ರೆ ಅದು ಸಾಮಾನು ತಳ್ಳೋ ಇಳಿಜಾರು ಕಣ್ರೀ, 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರ್ಬೇಕು ಅನ್ನೋದು ಲೆಕ್ಕ, ಇಲ್ಲಿ ನಾಲ್ಕಡಿನೂ ಇಲ್ಲ, ನಾನು ಹಿಂದಿಂದ ಏದುಸಿರು ಬಿಡ್ತಾ ತಳ್ತಿದ್ರೆ ಅಮ್ಮ "ಮನೆಗ್ ಹೋಗಣ ಬಿಡಪ್ಪಾ" ಅಂತಿದ್ರು. ಕೊನೆಗೆ ಭೀಮನ ಪಾರ್ಟ್ ಮಾಡೋರು ಒಂದ್ ಕಡೆ ಮೀಸೆ ಮಾತ್ರ ಅಂಟಿಸ್ಕೊಂಡು ಓಡಿಬಂದು ಕೈ ಹಾಕಿದ್ರು!

ಹಾರ್ಮೋನಿಯಂ, ಕಂದಪದ್ಯ ಎಲ್ಲಾ ಗುಬ್ಬಿ ಸೀಮೆ ಗತ್ತು, ಎರಡ್ಮಾತಿಲ್ಲ. ಆದ್ರೆ ನಮಗೆ ಸಿಕ್ಕಿದ್ದು ಸ್ಪೀಕರ್ ಪಕ್ಕದ ಸಾಲು, ಮೈಕು ಕುಂಯ್ಯ್ ಅಂದಿದ್ದೇ ತಡ ಮಗ ಕಿವಿ ಮುಚ್ಕೊಂಡು ಸೀಟ್ ಕೆಳಗೆ ಸೇರ್ಕೊಂಡ, ಇಯರ್‌ಮಫ್ ಹಾಕಿದ್ಮೇಲೆ ಸುಮಾರಾದ. ಯುದ್ಧದ ಸೀನಲ್ಲಿ ಪಟಪಟ ಫ್ಲಾಶ್ ಲೈಟು ಬೇರೆ. ಫಿಟ್ಸ್ ಇರೋ ಕೆಲವ್ರಿಗೆ ಅದು ಡೇಂಜರ್ರು, ಬಾಗಿಲಲ್ಲಿ ಒಂದು ಬೋರ್ಡ್ ಹಾಕಕ್ಕೆ ಎಷ್ಟಾಗುತ್ತೆ? ಹಿಂದಿನ ಸೀಟು ಕೊಡಿ ಅಂದ್ರೆ ಏನೋ ಉಪಕಾರ ಮಾಡೋರ ಥರ ಮುಖ ಮಾಡಿದ್ರು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಆಟಿಸಮ್ಮೂ ಇದೆ ಸ್ವಾಮಿ.

ಬಾಗಿಲು ಕಾಯೋ ಹುಡ್ಗ ಮಾತ್ರ ಬಂಗಾರ, ಮೂರ್ ಸಲ ಆಚೆ ಹೋಗಿ ಬಂದ್ರೂ ಟಿಕೆಟ್ ಕೇಳ್ಲಿಲ್ಲ.

ನಾಟಕಕ್ಕೆ 5ಕ್ಕೆ 4, ಜಾಗಕ್ಕೆ 2. ಹೋಗೋರು ಬಾಗಿಲ ಹತ್ರದ ಕೊನೇ ಸೀಟು ಹಿಡೀರಿ, ಟಾಯ್ಲೆಟ್ಟಿಗೆ ಮೂರು ಮೆಟ್ಲಿದೆ, ಮೊದ್ಲೇ ಮುಗಿಸ್ಕೊಂಡು ಹೋಗಿ.