ಸೊಂಟದ ಉಳುಕಿಗೆ ಎಲ್‌ಎಸ್ ಬೆಲ್ಟ್: 18 ತಿಂಗಳು ಆಗಾಗ ಬಳಸಿದ ನಂತರ

ರೇಟಿಂಗ್: 5ಕ್ಕೆ 3

ಎಲ್‌ಎಸ್ ಎಂದರೆ ಲಂಬೋ-ಸೇಕ್ರಲ್, ಅಂದರೆ ಕೆಳಬೆನ್ನಿಗೂ ಸೊಂಟಕ್ಕೂ ಸೇರಿಸಿ ಕಟ್ಟುವ ಬೆಲ್ಟ್. ಇದು ಉಳುಕನ್ನು ವಾಸಿ ಮಾಡುವುದಿಲ್ಲ. ಬಗ್ಗಬಾರದ ದಿನಗಳಲ್ಲಿ ಸೊಂಟ ಮರೆತು ಬಗ್ಗದಂತೆ ತಡೆಯುತ್ತದೆ, ಅಷ್ಟೇ. ಹಾಗೆಂದು ತಿಳಿದೇ ಕೊಂಡರೆ ದುಡ್ಡು ದಂಡವಾಗದು.

ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಸಾಮಾನ್ಯ ಮಾದರಿಯೇ ಇದು: ಅಗಲದ ಎಲಾಸ್ಟಿಕ್ ಬಟ್ಟೆ, ಬೆನ್ನಿನ ಕಡೆ 4 ಗಟ್ಟಿ ಪಟ್ಟಿಗಳು, ಎರಡೂ ಬದಿಯಲ್ಲಿ ಎಳೆದು ಬಿಗಿಯುವ ಪಟ್ಟಿ, ಮುಂದೆ ವೆಲ್ಕ್ರೋ. ಪ್ಯಾಂಟಿನ ಅಳತೆ ಹೇಳಿ ತರಬೇಡಿ, ಪ್ಯಾಂಟ್ ನಿಲ್ಲುವ ಜಾಗವೇ ಬೇರೆ. ಎಲ್ಲಿ ಅಳೆಯಬೇಕೆಂಬ ಚಿತ್ರ ಡಬ್ಬದ ಮೇಲಿದ್ದರೆ ಅಲ್ಲೇ ಟೇಪ್ ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ಚಿಕ್ಕದಾದರೆ ಕೂತ ಕೂಡಲೇ ವೆಲ್ಕ್ರೋ ಬಿಚ್ಚಿಕೊಳ್ಳುತ್ತದೆ, ದೊಡ್ಡದಾದರೆ ಬಿಗಿಯಲು ಜಾಗವೇ ಉಳಿಯುವುದಿಲ್ಲ.

ಹೆಚ್ಚಿನವರು ತಪ್ಪುವುದು ಕಟ್ಟುವ ಎತ್ತರದಲ್ಲಿ. ಭಾರ ಎತ್ತಿ ತಿರುಗುವಾಗ ಪೆಟ್ಟಾಗುವ ಲಿಗಮೆಂಟ್‌ಗಳು (ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ನಾರುಗಳು) ಹೆಚ್ಚಾಗಿ ಬೆನ್ನುಮೂಳೆ ಸೊಂಟಕ್ಕೆ ಸೇರುವ ಕೆಳಗಿನ ಜಾಗದಲ್ಲಿರುತ್ತವೆ. ಬೆಲ್ಟ್ ಪಕ್ಕೆಲುಬಿನ ಹತ್ತಿರ ಏರಿ ಕೂತರೆ ಆ ಜಾಗ ಹಿಡಿತದ ಹೊರಗೇ ಉಳಿಯುತ್ತದೆ. ಕೆಳಅಂಚು ಪೃಷ್ಠದ ಮೇಲ್ಭಾಗವನ್ನು ಮುಟ್ಟಬೇಕು, ಗಟ್ಟಿ ಪಟ್ಟಿಗಳು ಬೆನ್ನುಮೂಳೆಯ ಗೆರೆಯ ಆಚೀಚೆ ಸಮನಾಗಿ ಬರಬೇಕು. ನಿಂತು ಕಟ್ಟಲು ನೋವಾದರೆ ಹಾಸಿಗೆಯ ಮೇಲೆ ಬೆಲ್ಟ್ ಹರಡಿ, ಅದರ ಮೇಲೆ ಮಲಗಿ, ಮಂಡಿ ಮಡಚಿ ಕಟ್ಟಿ. ಬೆಲ್ಟಿನೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಹರ್ನಿಯಾ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಕಟ್ಟಬಾರದು.

ಮೊದಲ ಒಂದೆರಡು ವಾರ ಬಸ್ ಪ್ರಯಾಣ, ಅಡುಗೆಮನೆಯಲ್ಲಿ ನಿಂತು ಮಾಡುವ ಕೆಲಸ, ಇಂಥ ಹೊತ್ತಿಗೆ ಸಾಕು. ಮಲಗುವಾಗ ಬೇಡ. ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಬೆಲ್ಟ್ ಕೊಡಬೇಡಿ ಎಂದೇ ಹೇಳಿದೆ. ಹಾಗಾಗಿ ತಿಂಗಳುಗಟ್ಟಲೆ ಕಟ್ಟಿಕೊಂಡೇ ಓಡಾಡಲು ಕಾರಣವೇ ಇಲ್ಲ.

ಲಿಗಮೆಂಟಿಗೆ ರಕ್ತ ಹರಿಯುವುದು ಕಡಿಮೆ, ಅದಕ್ಕೇ ಕೂಡಿಕೊಳ್ಳಲು ವಾರಗಳು ಬೇಕು. ಹೊಸ ಎಳೆಗಳು ಸರಿಯಾಗಿ ಕೂರಲು ಹಗುರ ಚಲನೆಯೂ ಬೇಕು. ಎರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸೊಂಟ ಇನ್ನಷ್ಟು ಬಿಗಿಯುತ್ತದೆ. ಮೊದಲ 48 ಗಂಟೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಆಮೇಲೆ ಬಿಸಿನೀರಿನ ಚೀಲ. ಆ ಚೀಲವನ್ನು ಬೆಲ್ಟಿನೊಳಗೆ ಸಿಕ್ಕಿಸಬೇಡಿ, ಚರ್ಮ ಸುಡುತ್ತದೆ. ದಿನಕ್ಕೆ ನಾಲ್ಕೈದು ಸಲ 10 ನಿಮಿಷ ಸಮತಟ್ಟು ಜಾಗದಲ್ಲಿ ನಡೆಯಿರಿ. ತೀವ್ರ ನೋವು ಇಳಿದ ಮೇಲೆ, ಬೆಲ್ಟ್ ಬಿಚ್ಚಿಟ್ಟು, ಕೈ ಮತ್ತು ಮಂಡಿ ಊರಿ ಬಲಗೈ ಎಡಗಾಲು, ಬಳಿಕ ಎಡಗೈ ಬಲಗಾಲು ನೇರ ಚಾಚಿ 8 ಸೆಕೆಂಡ್ ನಿಲ್ಲುವುದು, 5–6 ಸಲ. ಸೊಂಟ ಒಂದು ಕಡೆ ವಾಲಿದರೆ ಕೈ ನೆಲದಲ್ಲೇ ಊರಿ ಕಾಲಷ್ಟನ್ನೇ ಚಾಚಿ.

ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕೆ.ಜಿ., ಡಬ್ಬವೂ ಸೇರಿ ಸುಮಾರು 30. ಬೆಲ್ಟ್ ಇದೆಯಲ್ಲ ಎಂಬ ಧೈರ್ಯದಲ್ಲಿ ಅದನ್ನು ಎತ್ತಿದವರಿಗೇ ಉಳುಕು ಮರುಕಳಿಸುವುದು. ಓರೆ ಮಾಡಿ, ಬುಡದ ಅಂಚಿನ ಮೇಲೆ ಉರುಳಿಸಿಕೊಂಡು ಹೋಗಿ.

ಮರ್ಮಾಂಗದ ಸುತ್ತ ಜೋಮು, ಮೂತ್ರ ನಿಂತುಹೋಗುವುದು ಅಥವಾ ತಡೆಯಲಾಗದೆ ಹೋಗುವುದು, ಕಾಲಿನ ಶಕ್ತಿ ಕುಂದುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಸೊಂಟನೋವು ಬಂದರೂ, ಬಿದ್ದ ಮೇಲೆ ಶುರುವಾದರೂ ಬೆಲ್ಟ್ ಕಟ್ಟಿ ಕಾಯಬೇಡಿ.

ಬಾಳಿಕೆಯ ವಿಷಯದಲ್ಲಿ ಮೊದಲು ಸೋತದ್ದು ವೆಲ್ಕ್ರೋ. ನೂಲು, ಕೂದಲು ತುಂಬಿ 4 ತಿಂಗಳಿಗೇ ಹಿಡಿತ ಕಡಿಮೆಯಾಯಿತು. ಹಳೆಯ ಟೂತ್‌ಬ್ರಷ್‌ನಿಂದ ಕೆರೆದರೆ ಮತ್ತೆ ಕಚ್ಚುತ್ತದೆ. ವರ್ಷ ದಾಟಿದ ಮೇಲೆ ಒಂದು ಗಟ್ಟಿ ಪಟ್ಟಿಯ ತುದಿ ಹೊಲಿಗೆ ಹರಿದು ಚುಚ್ಚತೊಡಗಿತು, ದಪ್ಪ ಕಾಟನ್ ಬಟ್ಟೆ ಇಟ್ಟು ಹೊಲಿಸಿದರೆ ಸರಿಹೋಗುತ್ತದೆ. ಬೆವರಿಗೆ ಗುಳ್ಳೆ ಏಳುವುದರಿಂದ ಒಳಗೆ ತೆಳು ಬನಿಯನ್ ಬೇಕೇ ಬೇಕು, ಕರಾವಳಿಯ ಸೆಕೆಯಲ್ಲಂತೂ. ತೊಳೆಯುವಾಗ ಗಟ್ಟಿ ಪಟ್ಟಿ ತೆಗೆದು, ವೆಲ್ಕ್ರೋ ಮುಚ್ಚಿ, ತಣ್ಣೀರಲ್ಲಿ ಕೈಯಿಂದ ತೊಳೆದು ಹಿಂಡದೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಎಲಾಸ್ಟಿಕ್ ಬೇಗ ಸಡಿಲವಾಗುತ್ತದೆ.