ಒಂದೇ ಲಟ್ಟಣಿಗೆ, ಮೂರು ಕಟ್ಟಿಗೆ

ನಮ್ಮ ಅಡಿಗೆಮನೆಯಲ್ಲಿ ಈಗ ಮೂರು ಲಟ್ಟಣಿಗೆಗಳಿವೆ. ಮೂರರ ಅಳತೆಯೂ ಒಂದೇ: ಉದ್ದ 14 ಇಂಚು, ನಡುವೆ ಒಂದೂವರೆ ಇಂಚು ದಪ್ಪ, ತುದಿಗೆ ಹೋಗ್ತಾ ಹೋಗ್ತಾ ಸಣ್ಣ. ಒಂದು ಸಾಗವಾನಿ, ಒಂದು ಬೇವು, ಒಂದು ಜಾಲಿ. ಮೂರನ್ನೂ ನಾನೇ ಲೇಥಿಗೆ, ಅಂದರೆ ಕಟ್ಟಿಗೆಯನ್ನು ತಿರುಗಿಸುತ್ತಾ ಉಳಿಯಿಂದ ಕೆತ್ತುವ ಯಂತ್ರಕ್ಕೆ, ಹಚ್ಚಿ ತಿರುವಿದ್ದು. ಹೋದ ಯುಗಾದಿಯಿಂದ ಈ ಯುಗಾದಿವರೆಗೆ ಚಪಾತಿ, ಹೋಳಿಗೆ ಎಲ್ಲಾ ಇವುಗಳಲ್ಲೇ ಲಟ್ಟಿಸಿದ್ದೇವೆ. ರೊಟ್ಟಿಯ ಮಾತು ಬೇರೆ. ಅದನ್ನು ಬಡಿಯಬೇಕು, ಲಟ್ಟಿಸಿದ ರೊಟ್ಟಿ ಕಂಡರೆ ಅವ್ವ ಊಟಕ್ಕೇ ಕೂಡುವುದಿಲ್ಲ.

ಲೇಥ್ ಅಂದರೆ ದೊಡ್ಡದೇನಲ್ಲ. ಬಾಗಲಕೋಟೆ ನವನಗರದ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು, ಅದರಲ್ಲಿ ಅರ್ಧ ಎಚ್‌ಪಿ ಮೋಟರಿನ ಸೆಕೆಂಡ್ ಹ್ಯಾಂಡ್ ಯಂತ್ರ. ಒರಟು ಕೆಲಸಕ್ಕೆ ನಿಮಿಷಕ್ಕೆ 900 ಸುತ್ತು, ಕೊನೆಯ ನಯಕ್ಕೆ 1800. ಶುರು ಮಾಡುವ ಮುಂಚೆ ಹೆಗಲ ಮೇಲಿನ ಟವೆಲ್ ತೆಗೆದು ಗೂಟಕ್ಕೆ ಹಾಕುವುದು ಮೊದಲ ನೇಮ. ತಿರುಗುವ ಕಟ್ಟಿಗೆಗೆ ಟವೆಲ್ ಸಿಕ್ಕರೆ ಟವೆಲ್ ಒಂದೇ ಹೋಗುವುದಿಲ್ಲ.

ಸಾಗವಾನಿ ಬಂದದ್ದು ಹಳೇ ಬಾಗಲಕೋಟೆಯಿಂದ. ಆಲಮಟ್ಟಿ ಹಿನ್ನೀರಿಗೆ ನಮ್ಮ ಮನೆ ಮುಳುಗಡೆ ಆದಾಗ ಅಪ್ಪ ತೊಲೆ, ಕಂಬ, ಬಾಗಿಲು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ತಂದಿದ್ದ. ಅದರಲ್ಲಿ ಉಳಿದಿದ್ದ ಒಂದು ತುಂಡು. ಹೊರಗೆಲ್ಲಾ ಒಲೆಯ ಹೊಗೆ ಕುಡಿದು ಕರ್ರಗಾಗಿತ್ತು. ಉಳಿ ತಾಗಿ ಮೇಲಿನ ಮಸಿ ಹಾರಿತು ನೋಡಿ, ಒಳಗೆ ಜೇನಿನ ಬಣ್ಣ! ಶೆಡ್ಡೆಲ್ಲಾ ಹಳೇ ಟ್ರಂಕು ತೆಗೆದಾಗಿನ ವಾಸನೆ. ಅಷ್ಟು ವರ್ಷ ಒಣಗಿದ ಕಟ್ಟಿಗೆ, ಎಳೆ ನೆಟ್ಟಗೆ. ಉಳಿ ತನ್ನಷ್ಟಕ್ಕೆ ತಾನೇ ಸರಿಯುತ್ತಿತ್ತು. ನಾನು ಖುಷಿಯಲ್ಲಿ ಮೈಮರೆತಾಗಲೇ 'ಟಣ್' ಅಂತ ಸಪ್ಪಳ. ಒಳಗೊಂದು ಮುರಿದ ಮೊಳೆ ಕೂತಿತ್ತು. ಉಳಿಯ ಬಾಯಿ ಅಕ್ಕಿಕಾಳಿನಷ್ಟು ಹಾರಿಹೋಯಿತು. ನಮ್ಮ ಓಣಿಯ ಬಡಿಗೇರ ಕಾಕಾ ಬಂದು ನೋಡಿ, 'ಹಳೀ ಕಟಗಿ ಹಚ್ಚೂ ಮುಂದ ಚುಂಬಕ ಹಿಡದು ನೋಡಬೇಕಪ್ಪಾ ತಮ್ಮಾ' ಅಂದರು. ಮುಂದಿನ ತುಂಡಿಗೆ ಹಾಗೇ ಮಾಡಿದೆ.

ಮೊಳೆ ಇಲ್ಲದಿದ್ದರೂ ಸಾಗವಾನಿ ಉಳಿ ತಿನ್ನುತ್ತದೆ. ಅದರ ಮೈಯಲ್ಲೇ ಮರಳಿನಂಥ ಸಿಲಿಕಾ ಕಣ ಇರುತ್ತವೆ. ಒಂದು ಲಟ್ಟಣಿಗೆ ಮುಗಿಸುವಷ್ಟರಲ್ಲಿ ನಾಲ್ಕು ಸಲ ಸಾಣೆಗೆ ಹೋದೆ. ತೂಗಿದರೆ 225 ಗ್ರಾಂ. ಕೈಗೆ ಹಗುರ, ಕಣ್ಣಿಗೆ ಚೆಂದ. ಆದರೆ ಹೋಳಿಗೆಗೆ ಕೂತಾಗ ನನ್ನಾಕೆ ಅದನ್ನು ಪಕ್ಕಕ್ಕಿಟ್ಟಳು: 'ಇದು ತಾನೇನೂ ಕೆಲಸ ಮಾಡಂಗಿಲ್ಲ, ಎಲ್ಲಾ ನಾನೇ ಒತ್ತಬೇಕು.'

ಬೇವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿಗೆ ಮುರಿದು ಬಿದ್ದ ಟೊಂಗೆ, ಪುಕ್ಕಟೆ. ಅದರ ಎಳೆ ಒಂದು ಪದರು ಈ ಕಡೆ ವಾಲಿದರೆ ಮುಂದಿನದು ಆ ಕಡೆ ವಾಲುತ್ತದೆ. ಹಾಗಾಗಿ ಉಳಿ ಒಂದು ಕಡೆ ನಯ ಮಾಡಿದರೆ ಪಕ್ಕದಲ್ಲೇ ಕಿತ್ತು ಬರುತ್ತದೆ. ಕೊನೆಗೆ ಉಸುಕಿನ ಕಾಗದದಲ್ಲಿ ತಿಕ್ಕಿಯೇ ನಯ ಮಾಡಿದ್ದು, ಆ ಪುಡಿ ಮೂಗಿಗೆ ಹೋಗಿ ಎರಡು ದಿನ ಸೀನಿದ್ದು. ತೂಕ 245 ಗ್ರಾಂ. ತೊಳೆದಾಗೊಮ್ಮೆ ಮೈಮೇಲೆ ಸಣ್ಣ ನವಿರು ಏಳುತ್ತದೆ, ಅದಕ್ಕೆ ಹಿಟ್ಟು ಹಿಡಿಯುತ್ತದೆ. ಬೇವಿನದಂದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ನೆರೆಮನೆಯ ಅಕ್ಕ ಕೇಳುತ್ತಿದ್ದಾಳೆ. ಅದನ್ನು ಆಕೆಗೇ ಕೊಡುವವನಿದ್ದೇನೆ.

ಇನ್ನು ಜಾಲಿ. ಬೀಳಗಿ ಕಡೆಯ ನಮ್ಮ ಹೊಲದ ಬದುವಿನಲ್ಲಿದ್ದ ಕರಿಜಾಲಿ, ಕಡಿದು ಒಲೆಗೆ ಅಂತ ಒಟ್ಟಿದ್ದ ರಾಶಿಯಿಂದ ಎತ್ತಿಕೊಂಡದ್ದು. 'ಒಲಿಗೆ ಹಾಕೂದನ್ನ ತಿರಗಾಕ ಹಚ್ಚೀಯಲ್ಲೋ' ಅಂತ ಅವ್ವ ನಕ್ಕಳು. ಗಾಡಿಯ ಗಾಲಿ, ಕುಂಟೆ, ನೇಗಿಲಿಗೆಲ್ಲಾ ನಮ್ಮ ಕಡೆ ಇದೇ ಕಟ್ಟಿಗೆ ಅನ್ನುವುದು ನಗುವಾಗ ಆಕೆಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ಮೊದಲನೆಯದು ಕೆಟ್ಟಿತು. ಪೂರ್ತಿ ಒಣಗಿದ ತುಂಡು ಹಚ್ಚಿದ್ದೆ. ಉಳಿ ಕುಣಿಯಿತು, ಸುರುಳಿ ಹೊಟ್ಟಿನ ಬದಲು ಪುಡಿ ಉದುರಿತು, ನಟ್ಟನಡುವಿನ ತಿರುಳಿನಿಂದ ಸೀಳು ಬಿಟ್ಟಿತು. ಎರಡನೆಯ ಸಲ ಅರೆಹಸಿ ಇದ್ದಾಗಲೇ ತಿರುಳು ಬಿಟ್ಟು ಸೀಳಿ, ಎರಡು ಇಂಚು ದಪ್ಪಕ್ಕೆ ಒರಟಾಗಿ ತಿರುವಿದೆ. ಅರೆಹಸಿ ಜಾಲಿ ತಿರುವುವ ಸುಖವೇ ಬೇರೆ. ಹೊಟ್ಟು ತುಂಡಾಗದೆ ರಿಬ್ಬನ್ನಿನ ಹಾಗೆ ಎದ್ದು ತೋಳಿನ ಮೇಲಿಂದ ಹಾಯ್ದು ಹಿಂದೆ ಬೀಳುತ್ತದೆ. ಸಪ್ಪಳವೂ ಬೇರೆ, ಹಸಿ ಸವತಿಕಾಯಿ ಕಚ್ಚಿದಂತೆ. ಎರಡೂ ತುದಿಗೆ ಮೇಣ ಬಳಿದು, ಅದೇ ಹೊಟ್ಟು ತುಂಬಿದ ಚೀಲದಲ್ಲಿ ನಾಲ್ಕು ತಿಂಗಳು ಇಟ್ಟೆ. ನಮ್ಮ ಬಿಸಿಲಿಗೆ ಬಯಲಲ್ಲಿ ಬಿಟ್ಟಿದ್ದರೆ ವಾರದಲ್ಲಿ ಬಿರಿಯುತ್ತಿತ್ತು. ತೆಗೆದಾಗ ದುಂಡು ಹೋಗಿ ತುಸು ಮೊಟ್ಟೆಯಾಕಾರ ಆಗಿತ್ತು, ಒಂದು ಕಡೆ 50 ಮಿ.ಮೀ., ಅಡ್ಡ 48. ಮತ್ತೆ ಹಚ್ಚಿ ಅಳತೆಗೆ ತಂದೆ. ಮೂರು ಸಲ ಸಾಣೆ ಸಾಕಾಯಿತು.

ತೂಕ 295 ಗ್ರಾಂ. ಸಾಗವಾನಿಗಿಂತ 70 ಗ್ರಾಂ ಹೆಚ್ಚು, ಹೋಳಿಗೆಗೆ ಬೇಕಾದದ್ದು ಆ 70 ಗ್ರಾಮೇ. ಕಣಕದ ಮೇಲೆ ಇಟ್ಟು ದೂಡಿದರೆ ಸಾಕು, ಭಾರಕ್ಕೇ ಹರಡುತ್ತದೆ, ಹೂರಣ ಒಡೆದು ಬರುವುದಿಲ್ಲ. ವರ್ಷವಾದರೂ ಮೈಮೇಲೆ ಒಂದು ಗೀರಿಲ್ಲ. ಬಣ್ಣ ಮಾತ್ರ ಗುಲಾಬಿ ಕಂದಿನಿಂದ ಕಂದುಗಪ್ಪಿಗೆ ತಿರುಗಿದೆ.

ಮೇಲ್ಮೈಗೆ ಏನು ಹಚ್ಚಬೇಕು ಅನ್ನುವುದರಲ್ಲೂ ಒಂದಿಷ್ಟು ಆಟ ಆಡಿದೆ. ಚನ್ನಪಟ್ಟಣದವರ ಹಾಗೆ ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿದೆ. ಬಿಸಿಗೆ ಕರಗಿ ಕನ್ನಡಿಯಂತೆ ಹೊಳೆಯಿತು. ಆದರೆ ಆ ಹೊಳಪು ಅವರ ಬಿಳಿ ಹಾಲೆ ಮರದ ಗೊಂಬೆಗೇ ಸರಿ. ಬಿಸಿನೀರು, ಸಾಬೂನು ಬಿದ್ದು ನಮ್ಮದು ತಿಂಗಳಲ್ಲಿ ಮಬ್ಬಾಯಿತು. ಶೇಂಗಾ ಎಣ್ಣೆ ಒಣಗುವುದೇ ಇಲ್ಲ, ಜಿಗಿಯಾಗಿ ಕಮಟು ಹೊಡೆಯುತ್ತದೆ. ಕುಸುಬಿ ಎಣ್ಣೆ ಪರವಾಗಿಲ್ಲ, ತಡ. ಅಗಸಿ ಎಣ್ಣೆಯೇ ಗೆದ್ದದ್ದು. ತೆಳ್ಳಗೆ ಹಚ್ಚಿ, ಒರೆಸಿ, ಒಣಗಿಸಿ, ಹೀಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಒಣಗುವಾಗ ತಾನೇ ಕಾದು ಬೆಂಕಿ ಹತ್ತುತ್ತದೆ. ನಾನು ಹಗ್ಗಕ್ಕೆ ಬಿಡಿಸಿ ಹಾಕುತ್ತೇನೆ.

ಸುಮ್ಮನೆ ಸಂಜೆ ಲೇಥಿನ ಮುಂದೆ ನಿಲ್ಲಬೇಕು ಅನ್ನಿಸಿದರೆ ನಾನು ಈಗಲೂ ಎತ್ತಿಕೊಳ್ಳುವುದು ಹಳೇ ಮನೆಯ ಸಾಗವಾನಿಯನ್ನೇ, ಚುಂಬಕ ಹಿಡಿದು ನೋಡಿ. ಅಡಿಗೆಮನೆಗೆ ಮಾತ್ರ ಜಾಲಿ. ಜಾಲಿಗೂ ಒಂದು ಕೊರತೆ ಇದೆ: ಹೊರಗಿನ ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ. ಹಿಂದೆ ಗಾಲಿಯ ಕಟ್ಟಿಗೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಡುತ್ತಿದ್ದರಂತೆ, ಕಾಕಾ ಹೇಳಿದ್ದು. ಮುಂದಿನ ಎರಡು ತುಂಡು ಈಗ ಹಿತ್ತಲ ಬ್ಯಾರಲ್ಲಿನಲ್ಲಿ ಮುಳುಗಿವೆ, ನೀರು ಆಗಲೇ ಚಹಾದ ಬಣ್ಣಕ್ಕೆ ತಿರುಗಿದೆ. ಅದನ್ನು ತೆಂಗಿನ ಬುಡಕ್ಕೆ ಸುರಿಯಬೇಡ ಅಂತ ಅವ್ವ ದಿನಾ ಹೇಳುತ್ತಾಳೆ.