ಪಾಸ್ಟರ್ ಮುಂದೆ ಮನಸ್ಸು ಬಿಚ್ಚುವ ಮೊದಲು ದಯವಿಟ್ಟು ಇದನ್ನು ಓದಿ

ನಾನು ನಮ್ಮ ಪಾಸ್ಟರ್ ಹತ್ತಿರ ಒಂದು ಗುಟ್ಟು ಹೇಳಿಕೊಂಡೆ. ಮೂರು ವಾರದಲ್ಲಿ ಅದು ಮೈಸೂರಿನಲ್ಲಿರುವ ನನ್ನ ಅಣ್ಣನ ಕಿವಿಗೆ ಬಿತ್ತು. ಬೆಂಗಳೂರಿನಲ್ಲಿ ಇಂಥ ಸಣ್ಣ ಸಣ್ಣ ಪ್ರಾರ್ಥನಾ ಸಭೆಗಳಿಗೆ ಹೋಗುವವರು ತುಂಬಾ ಜನ ಇದ್ದೀರಿ. ನನಗಾದದ್ದು ನಿಮಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಅಮ್ಮನಿಗೆ ಮರೆವಿನ ಕಾಯಿಲೆ ಇತ್ತು. ಕಮ್ಮನಹಳ್ಳಿಯ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷ ನಾನೊಬ್ಬಳೇ ನೋಡಿಕೊಂಡೆ. ಕೊನೆಕೊನೆಗೆ ಅವಳಿಗೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ನಡುರಾತ್ರಿ ಎದ್ದು ಬಾಗಿಲು ಬಡಿಯುತ್ತಿದ್ದಳು. "ನನ್ನ ಮನೆಗೆ ಕಳಿಸಿ" ಅನ್ನುತ್ತಿದ್ದಳು. ಒಂದು ರಾತ್ರಿ ಮೂರು ಗಂಟೆಗೆ, ಒದ್ದೆ ಹಾಸಿಗೆಯನ್ನು ಎರಡನೇ ಸಲ ಬದಲಿಸುವಾಗ, ನನ್ನ ಕೂದಲು ಹಿಡಿದು ಎಳೆದಳು. ನಾನು ಕೆನ್ನೆಗೆ ಹೊಡೆದೆ. ಒಂದೇ ಒಂದು ಸಲ. ಅಮ್ಮ ಅಳಲಿಲ್ಲ. "ನೀನ್ಯಾರು?" ಅಂದಳು. ಎರಡು ತಿಂಗಳಿಗೆ ತೀರಿಕೊಂಡಳು.

ಆ ಏಟು ನನ್ನ ಕೈಯಿಂದ ಇಳಿಯಲೇ ಇಲ್ಲ.

ನಾವು ಹುಟ್ಟಿನಿಂದ ಕ್ಯಾಥೊಲಿಕರು, ಕನಕಪುರದ ಕಡೆಯವರು. ಅಮ್ಮ ಹಾಸಿಗೆ ಹಿಡಿದಾಗ ಹತ್ತಿರದ ಪ್ರಾರ್ಥನಾ ಸಭೆಯವರು ಮನೆಗೆ ಬಂದು ಹಾಡಿ ಪ್ರಾರ್ಥಿಸುತ್ತಿದ್ದರು. ಎಷ್ಟೋ ದಿನ ಅನ್ನ ಸಾರು ತಂದುಕೊಟ್ಟಿದ್ದಾರೆ. ಆ ಋಣ ಇಲ್ಲ ಅಂತ ನಾನು ಈಗಲೂ ಹೇಳುವುದಿಲ್ಲ. ಹಾಗೇ ಭಾನುವಾರ ಅಲ್ಲಿಗೇ ಹೋಗುವುದು ಅಭ್ಯಾಸವಾಯಿತು. ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಹಾಲ್, 60-70 ಜನ. "ಬಚ್ಚಿಟ್ಟ ಪಾಪವೇ ಎಲ್ಲ ನೋವಿನ ಬೇರು, ಅರಿಕೆ ಮಾಡಿ ಬಿಡುಗಡೆ ಹೊಂದಿ" ಅಂತ ಪಾಸ್ಟರ್ ಪ್ರತಿ ವಾರ ಹೇಳುತ್ತಿದ್ದರು. ಬೈಬಲ್ಲಿನ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ತೆಗೆದು ಓದುತ್ತಿದ್ದರು.

ಒಂದು ಸಂಜೆ ಹೋಗಿ ಹೇಳಿಬಿಟ್ಟೆ. ಅತ್ತುಬಿಟ್ಟೆ. ಪಾಸ್ಟರ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. "ಇದು ನನ್ನ, ನಿಮ್ಮ, ದೇವರ ಮಧ್ಯೆ ಇರುತ್ತೆ ಸಿಸ್ಟರ್" ಅಂದರು. ಅವತ್ತು ರಾತ್ರಿ ತಿಂಗಳುಗಳ ಮೇಲೆ ನೆಮ್ಮದಿಯಾಗಿ ಮಲಗಿದೆ. ಅದನ್ನು ನೆನೆಸಿಕೊಂಡರೆ ಈಗ ಜಾಸ್ತಿ ನೋವಾಗುತ್ತದೆ.

ಮುಂದಿನ ವಾರ ಮಹಿಳೆಯರ ಉಪವಾಸ ಪ್ರಾರ್ಥನೆಯ ವಾಟ್ಸಾಪ್ ಗುಂಪಿನಲ್ಲಿ ಪಾಸ್ಟರ್ ಹೆಂಡತಿ ಪ್ರೇಯರ್ ಪಾಯಿಂಟ್‌ಗಳನ್ನು ಹಾಕಿದರು. ಒಬ್ಬರ ವೀಸಾ, ಇನ್ನೊಬ್ಬರ ಮಗನ ಪರೀಕ್ಷೆ, ಮೂರನೆಯದು "ತಾಯಿಯ ಮೇಲೆ ಕೈ ಮಾಡಿದ ಸಹೋದರಿಗೆ ಬಿಡುಗಡೆ". ಹೆಸರಿರಲಿಲ್ಲ. ಆದರೆ ಆ ಸಭೆಯಲ್ಲಿ ಆಗಷ್ಟೇ ತಾಯಿಯನ್ನು ಮಣ್ಣು ಮಾಡಿ ಬಂದವಳು ನಾನೊಬ್ಬಳೇ. ಅದಾದ ಭಾನುವಾರ ಪ್ರಸಂಗದಲ್ಲೂ, ಅಂದರೆ ಪಾಸ್ಟರ್ ಉಪದೇಶದಲ್ಲೂ, ಬಂತು. ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆಗೆ ಉದಾಹರಣೆಯಾಗಿ ನಾನಿದ್ದೆ. ಮುಂದಿನ ಸಾಲಿನವರು ಕತ್ತು ತಿರುಗಿಸಿ ನನ್ನ ಕಡೆ ನೋಡಿದರು.

ಅಲ್ಲಿಂದ ಮಾತು ಬೆಳೆಯಿತು. ನಾನು ಹೇಳಿದ್ದು "ಹೊಡೆದೆ" ಅಂತ. ಗುಂಪಿನಿಂದ ಗುಂಪಿಗೆ ಹೋಗುತ್ತಾ ಅದು "ಹೊಡೆಯುತ್ತಿದ್ದಳಂತೆ" ಆಯಿತು. ಒಂದು ರಾತ್ರಿಯ ತಪ್ಪು ನಾಲ್ಕು ವರ್ಷದ್ದಾಯಿತು. ಸಾರು ತಂದುಕೊಡುತ್ತಿದ್ದ ಆಂಟಿ ನನ್ನೆದುರೇ "ಪಾಪ, ಆ ಮುದುಕಮ್ಮ ಎಷ್ಟು ನರಳಿತೋ" ಅಂದರು. ಆಮೇಲೆ ಅಣ್ಣನ ಫೋನ್ ಬಂತು. "ಅಮ್ಮನಿಗೆ ದಿನಾ ಹೊಡೀತಿದ್ಯಂತೆ, ನಿಜಾನಾ?" ನನಗೆ ಉತ್ತರ ಹೊರಡಲಿಲ್ಲ. ಹೌದು ಅಂದರೆ ಸುಳ್ಳು, ಇಲ್ಲ ಅಂದರೂ ಸುಳ್ಳು.

ಪಾಸ್ಟರನ್ನು ಕೇಳಿದೆ. "ನಾನು ಹೆಸರು ಹೇಳಿಲ್ಲ ಅಲ್ವಾ? ಪ್ರಾರ್ಥನೆಗೆ ಕೊಟ್ಟೆ, ಚಾಡಿ ಹೇಳಲಿಲ್ಲ" ಅಂದರು. ಸಭೆಯ ಹಿರಿಯರು ನೀವೇ ಕ್ಷಮಿಸಿಬಿಡಿ ಅಂದರು. ಪಾಸ್ಟರ್ ಮೇಲೆ ದೂರು ಕೊಡಲು ಬಿಷಪ್ ಇಲ್ಲ, ಮಂಡಳಿ ಇಲ್ಲ. ಸಭೆ ಕಟ್ಟಿದವರೂ ಅವರೇ, ನಡೆಸುವವರೂ ಅವರೇ.

ನಾನು ಎಡವಿದ್ದು ಎಲ್ಲಿ ಅಂದರೆ, ಚಿಕ್ಕಂದಿನಿಂದ ನೋಡಿದ ಪಾಪನಿವೇದನೆಯ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪದ್ಧತಿಯ) ಬೀಗ ಎಲ್ಲ ಕಡೆ ಇರುತ್ತದೆ ಅಂದುಕೊಂಡೆ. ಕ್ಯಾಥೊಲಿಕ್ ಸಭೆಯಲ್ಲಿ ಗುರುಗಳು ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಬಿಡುವಂತಿಲ್ಲ. 1215ರಲ್ಲಿ ಸೇರಿದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ನಾಲ್ಕನೇ ಲ್ಯಾಟರನ್ ಮಹಾಸಭೆಯಲ್ಲೇ ಈ ಕಟ್ಟಳೆ ಬರೆದಿಟ್ಟಿದ್ದರು. 1983ರ ಧರ್ಮಸಭೆಯ ಕಾನೂನಿನ 983ನೇ ಕಲಂ ಅದನ್ನೇ ಹೇಳುತ್ತದೆ. 984ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹೊರಗೆ ಹೇಳದಿದ್ದರೂ, ಪಾಪ ಒಪ್ಪಿಕೊಂಡವರಿಗೆ ತೊಂದರೆಯಾಗುವ ಹಾಗೆ ಆ ವಿಷಯವನ್ನು ಬಳಸುವಂತಿಲ್ಲ. ಗೊತ್ತಿದ್ದೂ ನೇರವಾಗಿ ಗುಟ್ಟು ಬಿಟ್ಟುಕೊಟ್ಟ ಗುರುವಿಗೆ ತಾನಾಗಿಯೇ ಬಹಿಷ್ಕಾರ ಬೀಳುತ್ತದೆ. ಅದನ್ನು ತೆಗೆಯುವ ಅಧಿಕಾರ ರೋಮಿನ ಪೋಪರ ಪೀಠಕ್ಕೆ ಮಾತ್ರ. ಆದರೆ ಈ ಬೀಗ ಇರುವುದು ಸಭೆಯ ವಿಧಿಯಂತೆ ಸಂಸ್ಕಾರವಾಗಿ ಮಾಡುವ ಪಾಪನಿವೇದನೆಗೆ. ಫಾದರ್ ಆಫೀಸಿನಲ್ಲಿ ಕಾಫಿ ಕುಡಿಯುತ್ತಾ ಹೇಳಿಕೊಂಡ ಮಾತಿಗೆ ಅಷ್ಟೇ ಗಟ್ಟಿ ಬೀಗ ಇಲ್ಲ. ಇದು ನನಗೆ ಗೊತ್ತಿರಲಿಲ್ಲ.

ಬೀಗ ಇದ್ದ ಮಾತ್ರಕ್ಕೆ ಒಡೆಯುವವರು ಇಲ್ಲ ಅಂತಲ್ಲ. 2018ರಲ್ಲಿ ಕೇರಳದ ಆರ್ಥೊಡಾಕ್ಸ್ ಸಭೆಯ ಕೆಲವು ಪಾದ್ರಿಗಳ ಮೇಲೆ, ಒಬ್ಬ ಮಹಿಳೆಯ ಪಾಪನಿವೇದನೆಯನ್ನೇ ಹಿಡಿದು ಬ್ಲ್ಯಾಕ್‌ಮೇಲ್ ಮಾಡಿ ಶೋಷಿಸಿದ ಆರೋಪ ಬಂತು. ಪಾಪನಿವೇದನೆಯ ಪದ್ಧತಿಯನ್ನೇ ನಿಲ್ಲಿಸಬೇಕು ಅಂತ ರಾಷ್ಟ್ರೀಯ ಮಹಿಳಾ ಆಯೋಗ ಶಿಫಾರಸು ಮಾಡಿತ್ತು. ನಾನು ಅದನ್ನು ಒಪ್ಪುವುದಿಲ್ಲ. ಹೇಳಿಕೊಳ್ಳಲು ಒಂದು ಜಾಗ ಮನುಷ್ಯನಿಗೆ ಬೇಕೇ ಬೇಕು.

ದೇಶದ ಕಾನೂನಿನ ಆಸರೆಯೂ ಕಡಿಮೆ. ಗಂಡ ಹೆಂಡತಿ ನಡುವಿನ ಮಾತಿಗೆ, ವಕೀಲರ ಹತ್ತಿರ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ. ಧರ್ಮಗುರುಗಳ ಮುಂದೆ ಮಾಡಿದ ಅರಿಕೆಗೆ ಅಂಥ ಕಲಂ 1872ರ ಹಳೆಯ ಕಾಯ್ದೆಯಲ್ಲೂ ಇರಲಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇಲ್ಲ. ಆದರೆ ನಿಮ್ಮ ಗುಟ್ಟು ಹಿಡಿದು ಯಾರಾದರೂ ಹಣ ಕೇಳಿದರೆ ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಅಪರಾಧ. ಅಂಥಾದ್ದಾದರೆ ಸುಮ್ನೆ ಸಹಿಸಬೇಡಿ. ಮೆಸೇಜ್‌ಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರ ಹತ್ತಿರ ಹೋಗಿ.

ಹೇಳಿಕೊಳ್ಳುವ ಮೊದಲು ನೇರವಾಗಿ ಕೇಳಿ: ಇದು ನಿಮ್ಮ ಹೆಂಡತಿಗೆ ಗೊತ್ತಾಗುತ್ತಾ? ಹಿರಿಯರಿಗೆ? ಪ್ರಸಂಗದಲ್ಲಿ ಹೆಸರಿಲ್ಲದೆ ಬರುತ್ತಾ? ಪ್ರೇಯರ್ ಗುಂಪಿಗೆ ಹೋಗುತ್ತಾ? ಕೇಳಲು ಸಂಕೋಚ ಅನ್ನಿಸಿದರೆ ಒಂದು ಕೆಲಸ ಮಾಡಿ. ಆ ಸಭೆಯಲ್ಲಿ ಬೇರೆಯವರ ಕಥೆಗಳು ನಿಮ್ಮ ಕಿವಿಗೆ ಎಷ್ಟು ಬಿದ್ದಿವೆ ಅಂತ ಲೆಕ್ಕ ಹಾಕಿ. ನನಗೆ ಬೇಕಾದಷ್ಟು ಬಿದ್ದಿದ್ದವು. ಯಾರ ಗಂಡ ಕುಡಿಯುತ್ತಾನೆ, ಯಾರ ಮಗಳು ಯಾರ ಜೊತೆ ಹೋದಳು, ಎಲ್ಲ ಗೊತ್ತಿತ್ತು. ಆ ಎಲ್ಲರಿಗೂ ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ದೆ. ಆ ಮಾತುಗಳು ಯಾರ ಒಪ್ಪಿಗೆಯಿಂದ ಬಂದವು ಅಂತ ಒಂದು ದಿನವೂ ಯೋಚಿಸಲಿಲ್ಲ. ಅದರ ನಾಚಿಕೆ ನನಗೆ ಈಗಲೂ ಇದೆ.

ಮನಸ್ಸು ತೀರಾ ಕುಸಿದಾಗ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಕಾಯ್ದೆಯೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಚಿಕಿತ್ಸೆ ಕೊಡುವವರು ನಿಮ್ಮ ವಿಷಯವನ್ನು ಗುಟ್ಟಾಗಿಡಲೇಬೇಕು. ಆ ಕಡೆಯ ಹುಡುಗಿ, ವರ್ಷಗಟ್ಟಲೆ ಒಬ್ಬರೇ ನೋಡಿಕೊಳ್ಳುವವರು ಸೋತುಹೋಗುವುದು ಎಷ್ಟು ಸಾಮಾನ್ಯ ಅಂತ ವಿವರಿಸಿದಳು. ಅಮ್ಮನ ಹೆಸರೇನು ಅಂತ ಕೇಳಿದಳು. ಪಾಸ್ಟರ್ ಅದನ್ನು ಕೇಳಿರಲಿಲ್ಲ.

ಆಮೇಲೆ ಒಂದು ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋದೆ. ಆ ಜನಜಂಗುಳಿಯಲ್ಲಿ ನನ್ನನ್ನು ಯಾರಿಗೂ ಗೊತ್ತಿಲ್ಲ. ಜಾಲರಿಯ ಆಚೆ ಒಬ್ಬ ಗುರುಗಳು ಇದ್ದರು. ಅವರ ಮುಖ ನಾನು ನೋಡಲಿಲ್ಲ, ನನ್ನ ಮುಖ ಅವರು ನೋಡಲಿಲ್ಲ.

ಅಣ್ಣನಿಗೆ ಒಂದು ಕಾಗದ ಬರೆದೆ. ಆ ರಾತ್ರಿ ಏನಾಯಿತು ಅಂತ ಒಂದೂ ಬಿಡದೆ ಬರೆದೆ, ಹಾಸಿಗೆ, ಕೂದಲು, "ನೀನ್ಯಾರು" ಅಂದದ್ದು. ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಊಟ ಆಯ್ತಾ, ಮಳೆ ಬಂತಾ ಅಂತ ಕೇಳುತ್ತಾನೆ. ಅಮ್ಮನ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.